ಸೇಶೆಲ್ಸ್‌ನ ಕಪ್ಪು ರಾಜಹಕ್ಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂದೂ ಮಹಾಸಾಗರದ ಸೇಶೆಲ್ಸ್ ದೇಶದ ಲಾ ಡೀಗ್ ದ್ವೀಪದಿಂದ ಬಂದ ಮೇಲೆ ಯಾರಿಗೆ ಈ ಕಪ್ಪು ಹಕ್ಕಿಯ ಫೋಟೋ ತೋರಿಸಿದರೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಇದು ಕಾಜಾಣ ಅಲ್ವಾ?

ಅಲ್ಲ. ಆದರೆ ಹಾಗೆ ಅನ್ನಿಸೋದು ಸಹಜ. ಕಪ್ಪು ಮೈ, ಉದ್ದ ಬಾಲ, ಹಾರಿ ಹಾರಿ ಹುಳ ಹಿಡಿಯುವ ಚಾಳಿ, ಇಷ್ಟು ಕಂಡರೆ ನಮ್ಮ ಬಾಯಿಗೆ ಮೊದಲು ಬರುವ ಹೆಸರು ಕಾಜಾಣ. ಬಾಲ ಗಮನಿಸಿ. ಕಾಜಾಣದ ಬಾಲ ತುದಿಯಲ್ಲಿ ಕವಲೊಡೆದು ಎರಡು ಕಡೆಗೆ ತಿರುಗಿರುತ್ತದೆ. ಕಾಜಾಣದ್ದೇ ಬಳಗದ ಭೀಮರಾಜ ಆದರೆ ಹೊರಗಿನ ಎರಡು ಗರಿ ತಂತಿಯ ಹಾಗೆ ಇಳಿದು ತುದಿಯಲ್ಲಿ ಚಮಚದಂತಾಗುತ್ತವೆ. ಈ ಹಕ್ಕಿಯಲ್ಲಿ ಉದ್ದ ಬೆಳೆಯೋದು ಬಾಲದ ನಡುವಿನ ಎರಡು ಗರಿ. ಅವು ರಿಬ್ಬನ್ನಿನ ಹಾಗೆ ಮೆತ್ತಗೆ ಇಳಿಬಿದ್ದಿರುತ್ತವೆ, ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರಿ ಕೂತ ಮೇಲೂ ಒಂದು ಕ್ಷಣ ಅಲ್ಲಾಡುತ್ತಲೇ ಇರುತ್ತವೆ.

ಇನ್ನೊಂದು ಸುಲಭದ ಮಾತು. ಲಾ ಡೀಗ್‌ನಲ್ಲಿ ಕಾಜಾಣವೇ ಇಲ್ಲ. ಸೇಶೆಲ್ಸ್ ದೇಶಕ್ಕೆ ಸೇರಿದ ಅಲ್ಡಾಬ್ರಾದಲ್ಲಿ ಒಂದು ಜಾತಿಯ ಕಾಜಾಣ ಇದೆ, ನಿಜ. ಆದರೆ ಅದು ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ.

ಹಾಗಾದರೆ ಇದರ ಹೆಸರೇನು?

ಅಲ್ಲಿಯ ಜನ ಕರೆಯೋದು ‘ವೆವ್’ ಅಂತ. ಫ್ರೆಂಚಿನಲ್ಲಿ ‘ವೆವ್’ ಅಂದರೆ ವಿಧವೆ, ಅಲ್ಲಿಯ ಆಡುಮಾತಾದ ಕ್ರಿಯೋಲ್ ಭಾಷೆಗೂ ಅದೇ ಬಂದಿದೆ. ಕಪ್ಪು ಮೈ, ಹಿಂದೆ ಇಳಿಬಿದ್ದ ಉದ್ದ ಕಪ್ಪು ಗರಿ ನೋಡಿ, ಗಂಡ ಸತ್ತ ಹೆಂಗಸು ಹೊದೆಯುವ ಕಪ್ಪು ಮುಸುಕು ಅವರಿಗೆ ನೆನಪಾಗಿರಬೇಕು. ವಿಚಿತ್ರ ಅಂದರೆ ಆ ಕಪ್ಪು ವೇಷ ಇರೋದು ಗಂಡು ಹಕ್ಕಿಗೆ.

ಇಂಗ್ಲಿಷಿನಲ್ಲಿ ಸೇಶೆಲ್ಸ್ ಪ್ಯಾರಡೈಸ್ ಫ್ಲೈಕ್ಯಾಚರ್. ವೈಜ್ಞಾನಿಕ ಹೆಸರು ಟರ್ಪ್ಸಿಫೋನ್ ಕೊರ್ವಿನಾ. ಮೊದಲನೆಯ ಪದಕ್ಕೆ ಗ್ರೀಕಿನಲ್ಲಿ ಇಂಪಾದ ದನಿ ಅನ್ನುವ ಅರ್ಥ, ಎರಡನೆಯದಕ್ಕೆ ಕಾಗೆಯಂಥದ್ದು ಅಂತ. ಪಕ್ಷಿತಜ್ಞ ಎಡ್ವರ್ಡ್ ನ್ಯೂಟನ್ 1867ರಲ್ಲಿ ಈ ಹೆಸರಿಟ್ಟರು. ನಮ್ಮ ರಾಜಹಕ್ಕಿಯ (ಇಂಡಿಯನ್ ಪ್ಯಾರಡೈಸ್ ಫ್ಲೈಕ್ಯಾಚರ್) ಹತ್ತಿರದ ನೆಂಟ ಆದ್ದರಿಂದ ನಾನು ಕಪ್ಪು ರಾಜಹಕ್ಕಿ ಅಂತಲೇ ಬರೆಯುತ್ತೇನೆ.

ಗಂಡನ್ನು ಗುರುತಿಸೋದು ಹೇಗೆ?

ಇದು ಕಷ್ಟವಲ್ಲ. ತಲೆಯಿಂದ ಬಾಲದ ತುದಿವರೆಗೆ ಕಪ್ಪು. ನೆರಳಲ್ಲಿ ಸುಮ್ನೆ ಮಸಿಯ ಹಾಗೆ ಕಾಣುತ್ತದೆ, ಎಲೆಯ ಸಂದಿಯಿಂದ ಬಿಸಿಲು ಬಿದ್ದರೆ ಮಾತ್ರ ನೀಲಿ ಮಿಂಚುತ್ತದೆ. ಕೊಕ್ಕು ನೀಲಿ. ಬಾಲ ಬಿಟ್ಟರೆ ಮೈ ಹೆಚ್ಚುಕಮ್ಮಿ ನಮ್ಮ ಪಿಕಳಾರದಷ್ಟೇ, ಇನ್ನೂ ತೆಳ್ಳಗೆ. ಬಾಲ ಮಾತ್ರ ಮೈಗಿಂತ ಉದ್ದ.

ಆದರೆ ಬಾಲವನ್ನೇ ನೆಚ್ಚಿಕೊಳ್ಳಬೇಡಿ. ಗರಿ ಉದುರಿ ಹೊಸದು ಬರುವ ಹೊತ್ತಿನಲ್ಲಿ ಗಂಡಿಗೂ ಬಾಲ ಮೋಟಾಗಿರುತ್ತದೆ. ಮೊದಲ ದಿನ ನಾನು ಮೋಟು ಬಾಲದ ಕಪ್ಪು ಹಕ್ಕಿಯೊಂದನ್ನು ಬೇರೆ ಏನೋ ಅಂದುಕೊಂಡು ಅರ್ಧ ಗಂಟೆ ಪುಸ್ತಕ ತಿರುವಿದ್ದೆ. ಕೊಕ್ಕಿನ ನೀಲಿ ಕಂಡ ಮೇಲೆ ಗೊತ್ತಾಯಿತು.

ಹೆಣ್ಣು ಹೇಗಿರುತ್ತದೆ?

ಬೇರೆ ಜಾತಿಯ ಹಕ್ಕಿಯೇ ಅನ್ನುವಷ್ಟು ಬೇರೆ. ತಲೆ ಕಪ್ಪು, ಬೆನ್ನು, ರೆಕ್ಕೆ, ಬಾಲ ಇಟ್ಟಿಗೆಗಂದು, ಹೊಟ್ಟೆ ಕೆನೆಬಿಳಿ. ಉದ್ದ ಬಾಲ ಇಲ್ಲ. ಕರಿಟೋಪಿ ಹಾಕಿಕೊಂಡ ಕಂದು ಹಕ್ಕಿ ಅಂತ ನೆನಪಿಟ್ಟುಕೊಳ್ಳಿ, ಸಾಕು.

ಹೋದವರೆಲ್ಲ ಗಂಡಿನ ಬಾಲದ ಹಿಂದೆ ಬೀಳುತ್ತಾರೆ, ಹೆಣ್ಣು ಪಕ್ಕದ ಕೊಂಬೆಯಲ್ಲೇ ಇದ್ದರೂ ನೋಡೋದಿಲ್ಲ. ನನಗೆ ಇದು ಬೇಜಾರಿನ ವಿಷಯ. ಹತ್ತಿರದಿಂದ ನೋಡಿದರೆ ಆ ಕಪ್ಪು ತಲೆ ಮತ್ತು ಬಿಳಿ ಎದೆ ಸೇರುವ ಜಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಎಷ್ಟು ಚೊಕ್ಕ ಇರುತ್ತದೆ ಗೊತ್ತಾ.

ಕಂದು ಬಣ್ಣದ್ದೆಲ್ಲ ಹೆಣ್ಣೇನಾ?

ಅಲ್ಲ. ಎಳೆಯ ಹಕ್ಕಿಗಳೂ, ಗಂಡಾದರೂ ಸರಿ, ಹೆಣ್ಣಿನ ಹಾಗೇ ಕಂದಾಗಿರುತ್ತವೆ. ಬಣ್ಣ ಸ್ವಲ್ಪ ಮಾಸಲು ಅಷ್ಟೆ. ಎಳೆಯ ಗಂಡು ಬೆಳೆಯುತ್ತಾ ಬಂದ ಹಾಗೆ ಕಪ್ಪಾಗುತ್ತದೆ. ಹಾಗಾಗಿ ದೂರದಿಂದ ಒಂದು ಕಂದು ಹಕ್ಕಿ ಕಂಡರೆ ‘ಹೆಣ್ಣು’ ಅಂತ ಬರೆಯುವ ಬದಲು ‘ಹೆಣ್ಣು ಅಥವಾ ಎಳೆಯದು’ ಅಂತ ಬರೆದರೆ ತಪ್ಪಾಗೋದಿಲ್ಲ.

ಅಲ್ಲಿ ಬೇರೆ ಯಾವ ಹಕ್ಕಿ ಜೊತೆ ಗೊಂದಲ ಆಗಬಹುದು?

ಲಾ ಡೀಗ್‌ನಲ್ಲಿ ಜಾಸ್ತಿ ಇಲ್ಲ. ಸೇಶೆಲ್ಸ್ ಪಿಕಳಾರ ಇದೆ, ಗಾಢ ಬೂದು ಮೈ, ಕಿತ್ತಳೆ ಕೊಕ್ಕು, ಗಲಾಟೆ ಜಾಸ್ತಿ. ಸೂರಕ್ಕಿ ಇದೆ, ಅದೂ ಕಪ್ಪಗೆ ಕಾಣುತ್ತದೆ, ಆದರೆ ತೀರಾ ಪುಟ್ಟದು, ಕೊಕ್ಕು ಬಾಗಿರುತ್ತದೆ. ಗೊರವಂಕ ಎಲ್ಲ ಕಡೆ ಇದೆ. ಹೌದು, ನಮ್ಮ ಊರಿನದೇ ಗೊರವಂಕ, ಮನುಷ್ಯರು ಕೊಂಡೊಯ್ದು ಬಿಟ್ಟದ್ದು.

ಈ ಹಕ್ಕಿಗಳನ್ನು ಸಾಗಿಸಿ ಬಿಟ್ಟಿರುವ ಡೆನಿಸ್ ದ್ವೀಪಕ್ಕೆ ಹೋದರೆ ಮಾತ್ರ ಹುಷಾರಾಗಿರಿ. ಅಲ್ಲಿ ಸೇಶೆಲ್ಸ್ ಮಡಿವಾಳ ಹಕ್ಕಿಯೂ ಇದೆ. ಅದೂ ಕಪ್ಪು, ಅದಕ್ಕೂ ನೀಲಿ ಮಿಂಚು. ಆದರೆ ರೆಕ್ಕೆಯಲ್ಲಿ ಬಿಳಿ ಪಟ್ಟಿ ಎದ್ದು ಕಾಣುತ್ತದೆ, ಮತ್ತು ಅದು ನೆಲಕ್ಕಿಳಿದು ತರಗೆಲೆ ಕೆದಕಿ ಹುಳ ಹುಡುಕುತ್ತದೆ. ರಾಜಹಕ್ಕಿಯದು ಏನಿದ್ದರೂ ಮರದ ಮೇಲಿನ ಸಂಸಾರ.

ಫ್ಲೈಕ್ಯಾಚರ್ ಅಂದರೆ ನೊಣಹಿಡುಕ ಅಂತಾರೆ, ಇದು ನಮ್ಮ ನೀಲಿ ನೊಣಹಿಡುಕದ ಕುಟುಂಬವೇ?

ಹೆಸರು ಒಂದೇ, ಕುಟುಂಬ ಬೇರೆ. ಇದು ತುಂಬ ಜನರನ್ನು ದಾರಿ ತಪ್ಪಿಸುತ್ತದೆ. ಹಾರಾಡುವ ಹುಳ ಹಿಡಿಯೋದನ್ನು ನೋಡಿ ಹಳೆಯ ಕಾಲದವರು ಎಲ್ಲದಕ್ಕೂ ಫ್ಲೈಕ್ಯಾಚರ್ ಅಂತ ಹೆಸರಿಟ್ಟುಬಿಟ್ಟರು. ನಮ್ಮ ತೋಟದಲ್ಲಿ ಕಾಣುವ ನೀಲಿ ನೊಣಹಿಡುಕ, ಮಡಿವಾಳ ಹಕ್ಕಿ ಇವೆಲ್ಲ ಮಸ್ಸಿಕ್ಯಾಪಿಡೇ ಕುಟುಂಬ. ರಾಜಹಕ್ಕಿಗಳು ಮೊನಾರ್ಕಿಡೇ ಕುಟುಂಬ. ವಂಶದಲ್ಲಿ ಇವು ಕಾಜಾಣ, ಕಾಗೆ, ಕಳಿಂಗಗಳಿಗೆ ಹತ್ತಿರ. ಅಂದರೆ ಫೋಟೋ ನೋಡಿ ಕಾಜಾಣ ಅಂದವರು ಪೂರ್ತಿ ತಪ್ಪೇನೂ ಹೇಳಿಲ್ಲ, ದೂರದ ದಾಯಾದಿಯ ಹೆಸರು ಹೇಳಿದ್ದಾರೆ.

ನಮ್ಮ ರಾಜಹಕ್ಕಿಗೂ ಇದಕ್ಕೂ ಏನು ವ್ಯತ್ಯಾಸ?

ಎರಡೂ ಒಂದೇ ಟರ್ಪ್ಸಿಫೋನ್ ಕುಲ. ಮಡಗಾಸ್ಕರ್, ಮಾರಿಷಸ್, ರಿಯೂನಿಯನ್, ಆಫ್ರಿಕಾ ಎಲ್ಲ ಕಡೆ ಈ ಕುಲದವು ಇವೆ. ನಮ್ಮಲ್ಲಿ ಗಂಡು ಎರಡು ಬಣ್ಣದಲ್ಲಿ ಸಿಗುತ್ತದೆ, ಕಂದು ಅಥವಾ ಬಿಳಿ, ತಲೆ ಮಾತ್ರ ಕಪ್ಪು, ಅದರ ಮೇಲೆ ಜುಟ್ಟು. ಸೇಶೆಲ್ಸ್‌ನದು ಒಂದೇ ಬಣ್ಣ. ಬೆಳೆದ ಗಂಡು ಅಂದರೆ ಕಪ್ಪು, ಅಷ್ಟೆ.

ನಡವಳಿಕೆಯಲ್ಲಿ ಇನ್ನೊಂದು ವ್ಯತ್ಯಾಸ ಇದೆ. ನಮ್ಮದು ದೊಡ್ಡ ಸಂಚಾರಿ, ಉತ್ತರದ ರಾಜಹಕ್ಕಿಗಳು ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುತ್ತವೆ. ಅಲ್ಲಿಯದು ಮನೆ ಬಿಟ್ಟು ಹೋಗದ ಹಕ್ಕಿ. ಒಂದು ಜೋಡಿ, ಅದಕ್ಕೊಂದಿಷ್ಟು ಜಾಗ, ಅಲ್ಲೇ ವರ್ಷವಿಡೀ.

ಇದು ಎಲ್ಲಿ ಸಿಗುತ್ತದೆ? ಲಾ ಡೀಗ್‌ನಲ್ಲೇ ಯಾಕೆ?

ಸೇಶೆಲ್ಸ್‌ನಲ್ಲಿ ನೂರಕ್ಕೂ ಹೆಚ್ಚು ದ್ವೀಪಗಳಿವೆ. ಹಿಂದೆ ಈ ಹಕ್ಕಿ ಪ್ರಾಸ್ಲಿನ್, ಫೆಲಿಸಿಟೆ, ಮರಿಯಾನ್ ದ್ವೀಪಗಳಲ್ಲೂ ಇತ್ತು. ಅಲ್ಲೆಲ್ಲ ಅಳಿಸಿಹೋಗಿ ಕೊನೆಗೆ ನೆಲೆ ಉಳಿದದ್ದು ಲಾ ಡೀಗ್‌ನಲ್ಲಿ. ಲಾ ಡೀಗ್ ಅಂದರೆ ಸುಮಾರು 10 ಚದರ ಕಿಲೋಮೀಟರ್, ನಡುವೆ ಬಂಡೆಗಲ್ಲಿನ ಗುಡ್ಡ. ಪಶ್ಚಿಮಕ್ಕೆ ಸಮುದ್ರದ ಪಕ್ಕ ಒಂದು ತುಂಡು ಸಮತಟ್ಟು ನೆಲ. ಹಕ್ಕಿ ಮುಖ್ಯವಾಗಿ ಇರೋದು ಆ ಸಮತಟ್ಟಿನಲ್ಲಿ.

ಯಾಕೆ ಅಲ್ಲೇ ಅಂದರೆ ಮರ. ನನ್ನ ಪ್ರಕಾರ ಈ ಹಕ್ಕಿಯ ವಿಷಯದಲ್ಲಿ ತಿಳಿಯಬೇಕಾದ ದೊಡ್ಡ ಸಂಗತಿ ಇದೇ, ಬಾಲವಲ್ಲ. ಇದಕ್ಕೆ ಬೇಕಾದದ್ದು ಎರಡು ಮರಗಳ ತೋಪು. ಒಂದು ಅಲ್ಲಿಯವರು ತಕಮಾಕ ಅನ್ನುವ ಮರ, ಇನ್ನೊಂದು ಫ್ರೆಂಚಿನಲ್ಲಿ ಬದಾಮಿಯೆ. ಈ ಎರಡನೆಯ ಹೆಸರು ಕೇಳಿದಾಗಲೇ ನನಗೆ ಕಿವಿ ನಿಮಿರಿತ್ತು. ಹೋಗಿ ನೋಡಿದರೆ ನಮ್ಮದೇ ಕಾಡುಬಾದಾಮಿ! ಶಾಲೆಯ ಅಂಗಳದಲ್ಲಿ ಕಾಯಿ ಹೆಕ್ಕಿ ಕಲ್ಲಿನಲ್ಲಿ ಜಜ್ಜಿ ತಿಂದಿದ್ದೆವಲ್ಲ, ಎಲೆ ಉದುರುವ ಮುಂಚೆ ಕೆಂಪಾಗುತ್ತಲ್ಲ, ಅದೇ. ತಕಮಾಕ ಯಾವುದು ಗೊತ್ತಾ? ನಮ್ಮ ಕರಾವಳಿಯ ಹೊನ್ನೆ, ಸುರಹೊನ್ನೆ. ಗೋಲಿಯಂಥ ಕಾಯಿ, ಪರಿಮಳದ ಬಿಳಿ ಹೂವು, ಬೀಜದಿಂದ ದೀಪಕ್ಕೆ ಎಣ್ಣೆ ತೆಗೆಯುತ್ತಿದ್ದ ಮರ. ಎರಡರ ಕಾಯಿಗಳೂ ಸಮುದ್ರದಲ್ಲಿ ತೇಲಿ ಹೋಗಿ ಇನ್ನೊಂದು ದಡದಲ್ಲಿ ಮೊಳೆಯಬಲ್ಲವು. ಹಿಂದೂ ಮಹಾಸಾಗರದ ಸುತ್ತ ಎಲ್ಲ ದಡಗಳಲ್ಲೂ ಈ ಮರಗಳು ಇರೋದು ಅದಕ್ಕೇ. ಮರ ಸಾಗರವನ್ನೇ ದಾಟುತ್ತದೆ, ಅದನ್ನು ನಂಬಿದ ಹಕ್ಕಿ ಮಾತ್ರ ಕಣ್ಣೆದುರಿಗೆ ಕಾಣುವ ಪಕ್ಕದ ದ್ವೀಪಕ್ಕೆ ಹೋಗಿ ಬೇರೂರಲಾರದು.

ಈ ಮರಗಳ ಎಲೆಗಳಲ್ಲಿ ಹುಳ ಜಾಸ್ತಿ. ಪಕ್ಕದಲ್ಲಿ ಜೌಗು ನೆಲ, ನೀರು ಇದ್ದರೆ ಇನ್ನೂ ಜಾಸ್ತಿ. ಹಕ್ಕಿ ಎಲ್ಲಿ ಗೂಡು ಹೂಡುತ್ತದೆ ಅನ್ನೋದನ್ನು ತೀರ್ಮಾನ ಮಾಡೋದು ಈ ಲೆಕ್ಕ.

ಊಟ ಏನು?

ಹುಳ, ಕಂಬಳಿಹುಳು, ಜೇಡ. ಎಲೆಯ ಮೇಲಿಂದ ಕಿತ್ತುಕೊಳ್ಳುತ್ತದೆ, ಹಾರುವುದನ್ನೂ ಗಾಳಿಯಲ್ಲೇ ಹಿಡಿಯುತ್ತದೆ. ಒಂದೇ ಕಡೆ ಕೂತಿರೋದು ಕಡಿಮೆ.

ಗೂಡು ಎಲ್ಲಿ ಕಟ್ಟುತ್ತದೆ? ಎಷ್ಟು ಮೊಟ್ಟೆ?

ಸಾಮಾನ್ಯವಾಗಿ ಒಂದೇ ಮೊಟ್ಟೆ. ನಮ್ಮ ರಾಜಹಕ್ಕಿ ಮೂರು ನಾಲ್ಕು ಇಡುತ್ತದೆ, ಇದು ಒಂದು. ಇಷ್ಟು ಕಡಿಮೆ ಇಡೋದು ದ್ವೀಪದ ಹಕ್ಕಿಗಳಲ್ಲಿ ಅಪರೂಪವಲ್ಲ. ಶತ್ರು ಕಡಿಮೆ ಇದ್ದ ಕಾಲದಲ್ಲಿ ಒಂದು ಮರಿಯನ್ನು ಚೆನ್ನಾಗಿ ಸಾಕಿದರೆ ಸಾಕಿತ್ತು. ಇಲಿ, ಬೆಕ್ಕು ಬಂದ ಮೇಲೆ ಆ ಲೆಕ್ಕ ಕೈಕೊಟ್ಟಿತು. ಇದ್ದ ಒಂದು ಮೊಟ್ಟೆ ಹೋದರೆ ಮತ್ತೆ ಮೊದಲಿನಿಂದ.

ಗೂಡು ಕಟ್ಟೋದು ಇಳಿಬಿದ್ದ ತೆಳು ರೆಂಬೆಯ ತುದಿಯಲ್ಲಿ. ನಾರು, ಸಣ್ಣ ಕಡ್ಡಿ ಹೆಣೆದು ಜೇಡರ ಬಲೆಯಿಂದ ಅಂಟಿಸಿದ ಪುಟ್ಟ ಬಟ್ಟಲು. ನಾನು ನೋಡಿದ್ದು ದಾರಿಯಿಂದ ಆರೇಳು ಮಾರು ದೂರದಲ್ಲಿತ್ತು, ತಲೆಗಿಂತ ಸ್ವಲ್ಪ ಎತ್ತರ. ಅಂಗೈ ಬಟ್ಟಲು ಮಾಡಿದರೆ ಅದರೊಳಗೆ ಹಿಡಿಸುವಷ್ಟು. ಗಾಳಿ ಬೀಸಿದಾಗ ರೆಂಬೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು, ಒಳಗೆ ಹೆಣ್ಣು ಕೂತಿತ್ತು, ಕರಿತಲೆ ಒಂದು ಕಡೆ, ಕಂದು ಬಾಲ ಇನ್ನೊಂದು ಕಡೆ ಹೊರಗೆ. ಸ್ವಲ್ಪ ಹೊತ್ತಿಗೆ ಗಂಡು ಬಂತು. ಹೆಣ್ಣು ಎದ್ದು ಹೋಯಿತು, ಗಂಡು ಕೂತಿತು. ಅಷ್ಟುದ್ದ ಬಾಲ ಇಟ್ಟುಕೊಂಡು ಅಷ್ಟು ಪುಟ್ಟ ಗೂಡಿನಲ್ಲಿ ಹೇಗೆ ಕೂರುತ್ತದೆ ಅಂತ ನೋಡುತ್ತಲೇ ನಿಂತೆ. ಎರಡು ಗರಿಗಳು ಗೂಡಿನ ಅಂಚಿನಿಂದ ನೇರ ಕೆಳಗೆ ಇಳಿಬಿದ್ದು ಗಾಳಿಗೆ ಒಂದಕ್ಕೊಂದು ಸುತ್ತಿಕೊಳ್ಳುತ್ತಿದ್ದವು. ಕಾವು ಕೊಡುವ ಕೆಲಸ ಇಬ್ಬರದೂ.

ಕೂಗು ಹೇಗಿರುತ್ತದೆ?

ಎರಡು ಥರ. ಒಂದು ಇಂಪಾದ ಸಿಳ್ಳೆ. ಇನ್ನೊಂದು ಒರಟಾದ ಚುಟುಕು ಕರೆ, ನಮ್ಮ ರಾಜಹಕ್ಕಿ ಸಿಟ್ಟಿನಲ್ಲಿ ಕೂಗುವ ಹಾಗೇ. ಅದನ್ನು ಕೇಳಿ ಅಭ್ಯಾಸ ಇದ್ದರೆ ಅಲ್ಲಿ ಹಕ್ಕಿ ಕಾಣುವ ಮೊದಲೇ ಗೊತ್ತಾಗಿಬಿಡುತ್ತದೆ.

ಇಷ್ಟು ಕಡಿಮೆ ಆಗಿದ್ದು ಯಾಕೆ?

ಹಕ್ಕಿಗೆ ಬೇಕಾದ ಜಾಗವೇ ಮನುಷ್ಯರಿಗೂ ಬೇಕು, ಅದಕ್ಕೆ. ಗುಡ್ಡದ ದ್ವೀಪದಲ್ಲಿ ಮನೆ, ರಸ್ತೆ, ತೆಂಗಿನ ತೋಟ, ಹೋಟೆಲು ಎಲ್ಲ ಕಟ್ಟೋದು ಸಮತಟ್ಟು ನೆಲದಲ್ಲಿ ತಾನೇ? ಜೌಗು ತುಂಬಿಸಿದರು, ತೋಪು ಕಡಿದರು. ತಕಮಾಕ ಮರ ದೋಣಿಗೂ ಒಳ್ಳೆಯದು, ಹಾಗಾಗಿ ಅದಕ್ಕೆ ಕೊಡಲಿ ಬಿದ್ದದ್ದು ಮೊದಲಿಂದಲೂ ಇದೆ. 1996ರ ಎಣಿಕೆಯಲ್ಲಿ ಸಿಕ್ಕಿದ್ದು 69ರಿಂದ 83 ಜೋಡಿ. ಒಂದು ಇಡೀ ಜಾತಿಯ ಲೆಕ್ಕ ಅದು. ನಮ್ಮ ಒಂದು ಸಣ್ಣ ಊರಿನ ಮನೆಗಳಷ್ಟು.

ಅದರ ಮೇಲೆ ಮರಕ್ಕೇ ರೋಗ ಬಂತು. ಒಂದು ಶಿಲೀಂಧ್ರ ತಕಮಾಕದ ಒಳಗೆ ಸೇರಿ ನೀರು ಹರಿಯುವ ನಾಳಗಳನ್ನು ಕೆಡಿಸುತ್ತದೆ, ಮರ ತುದಿಯಿಂದ ಒಣಗುತ್ತಾ ಬರುತ್ತದೆ. ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯೋದು ತೊಗಟೆ ಕೊರೆಯುವ ಸಣ್ಣ ಜೀರುಂಡೆ. ಇಲಿ, ಬೆಕ್ಕು, ಗೊರವಂಕಗಳ ಕಾಟ ಬೇರೆ. ಯಾವುದೋ ಒಂದೇ ಖಳನಾಯಕನನ್ನು ಹುಡುಕುವವರಿಗೆ ಇಲ್ಲಿ ಸಮಾಧಾನ ಸಿಗೋದಿಲ್ಲ.

ಬೇರೆ ದ್ವೀಪಕ್ಕೆ ಸಾಗಿಸಿದರು ಅಂತ ಕೇಳಿದ್ದೆ, ನಿಜವೇ?

ನಿಜ. ಇಡೀ ಜಾತಿ ಒಂದೇ ದ್ವೀಪದಲ್ಲಿ ಇರೋದು ಅಂದರೆ ಇದ್ದಬದ್ದದ್ದನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಟ್ಟ ಹಾಗೆ. ಒಂದು ರೋಗ ಬಂದರೆ ಮುಗಿಯಿತು. ಅದಕ್ಕೆ 2008ರ ನವೆಂಬರಿನಲ್ಲಿ 23 ಹಕ್ಕಿಗಳನ್ನು ಡೆನಿಸ್ ದ್ವೀಪಕ್ಕೆ ಒಯ್ದು ಬಿಟ್ಟರು. ಡೆನಿಸ್ ಹವಳದ ದ್ವೀಪ, ಹಿಂದೆ ಪೂರ್ತಿ ತೆಂಗಿನ ತೋಟ. ಹಕ್ಕಿ ಬರುವ ಮೊದಲೇ ಅಲ್ಲಿ ಬೆಕ್ಕು, ಇಲಿಗಳನ್ನು ತೆಗೆದಿದ್ದರು, ಸ್ಥಳೀಯ ಮರಗಳ ಕಾಡನ್ನು ಮತ್ತೆ ಎಬ್ಬಿಸಿದ್ದರು. ಈ ಕ್ರಮ ನನಗೆ ತುಂಬ ಹಿಡಿಸಿತು, ಮೊದಲು ಮನೆ, ಆಮೇಲೆ ಸಂಸಾರ. ಹಕ್ಕಿಗಳು ಒಗ್ಗಿಕೊಂಡವು, ಮರಿ ಮಾಡಿದವು, ಸಂಖ್ಯೆ ಏರಿತು.

ಆಮೇಲೆ 2018ರಲ್ಲಿ ಡೆನಿಸ್‌ನಲ್ಲಿ ಬೆಳೆದ ಸಂಸಾರದಿಂದ ಒಂದಿಷ್ಟು ಹಕ್ಕಿಗಳನ್ನು ಕ್ಯೂರಿಯೂಸ್ ದ್ವೀಪಕ್ಕೆ ಒಯ್ದರು. ಅದು ಪ್ರಾಸ್ಲಿನ್ ಪಕ್ಕದ್ದು, ಜೋಡಿ ತೆಂಗಿನಕಾಯಿಯಂಥ ಕಾಯಿ ಬಿಡುವ ಕೋಕೋ ದ ಮೇರ್ ಮರಗಳಿಗೂ ದೈತ್ಯ ಆಮೆಗಳಿಗೂ ಹೆಸರಾದದ್ದು. ಅಲ್ಲೂ ಮರಿಯಾಯಿತು.

ಅಂದರೆ ಈಗ ಅಪಾಯ ಇಲ್ಲವೇ?

ಇದೆ, ಮೊದಲಿನಷ್ಟಿಲ್ಲ. ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಬಹಳ ವರ್ಷ ಇದು ಅಳಿವಿನ ಕಟ್ಟಕಡೆಯ ಅಂಚಿನಲ್ಲಿರುವ ಹಕ್ಕಿಗಳ ಸಾಲಿನಲ್ಲಿತ್ತು. ಈಗ ಎರಡು ಮೆಟ್ಟಿಲು ಸುಧಾರಿಸಿ ‘ವಲ್ನರಬಲ್’, ಅಂದರೆ ಅಪಾಯಕ್ಕೆ ಸಿಲುಕಬಹುದಾದವು ಅನ್ನುವ ಸಾಲಿಗೆ ಬಂದಿದೆ. ಖುಷಿಯ ಸುದ್ದಿಯೇ. ಆದರೆ ಲಾ ಡೀಗ್‌ನ ಸಮತಟ್ಟು ನೆಲ ಹಿಗ್ಗೋದಿಲ್ಲ. ಅಲ್ಲಿಯ ಎಷ್ಟೋ ಹಕ್ಕಿಗಳು ಜನರ ಹಿತ್ತಲಿನ ಮರಗಳಲ್ಲೇ ಇವೆ. ಯಾರೋ ಒಬ್ಬರು ಮನೆಗೆ ಒಂದು ಕೋಣೆ ಸೇರಿಸಲು ಎರಡು ಮರ ಕಡಿದರೂ ಒಂದು ಜೋಡಿಯ ಜಾಗ ಹೋಗಬಹುದು.

ನೋಡಲು ಹೋದರೆ ಎಲ್ಲಿ, ಹೇಗೆ?

ಸೇಶೆಲ್ಸ್‌ನ ದೊಡ್ಡ ದ್ವೀಪ ಮಾಹೆಯಿಂದ ಪ್ರಾಸ್ಲಿನ್, ಅಲ್ಲಿಂದ ಲಾ ಡೀಗ್‌ಗೆ ದೋಣಿ, ಸುಮಾರು ಕಾಲು ಗಂಟೆ. ಇಳಿದ ಮೇಲೆ ಒಂದು ಸೈಕಲ್ ಬಾಡಿಗೆಗೆ ತಗೊಳ್ಳಿ, ದ್ವೀಪದಲ್ಲಿ ಹೆಚ್ಚಿನವರ ವಾಹನ ಅದೇ. ಈ ಹಕ್ಕಿಗಾಗಿಯೇ ಮೀಸಲಿಟ್ಟ ವೆವ್ ರಿಸರ್ವ್ ಅನ್ನುವ ಸಣ್ಣ ತೋಪು ಇದೆ. ಬೆಳಗ್ಗೆ ಬೇಗ ಹೋಗಿ. ಓಡಾಡಬೇಡಿ, ಒಂದು ಕಡೆ ಕೂರಿ. ನೆರಳಿನಲ್ಲಿ ಕಪ್ಪು ಹಕ್ಕಿಯನ್ನು ಕಣ್ಣಲ್ಲಿ ಹುಡುಕೋದು ಕಷ್ಟ, ಅದರ ಬದಲು ಅಲ್ಲಾಡುವ ಎಲೆ ನೋಡಿ, ಕೂಗು ಕೇಳಿ.

ಮೊಬೈಲಿನಲ್ಲಿ ಕೂಗು ಹಾಕಿ ಕರೆಸಬಹುದಾ?

ದಯವಿಟ್ಟು ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತು ಅಂತ ಅದು ಹುಳ ಹಿಡಿಯೋದು, ಕಾವು ಕೊಡೋದು ಬಿಟ್ಟು ಜಗಳಕ್ಕೆ ಬರುತ್ತದೆ. ಗೂಡಿನ ಮುಂದೆ ಫ್ಲಾಶ್ ಬೇಡ, ಅಡ್ಡ ಬಂತು ಅಂತ ಎಲೆ ಸರಿಸೋದೂ ಬೇಡ. ಆ ಎಲೆ ಇರೋದು ಗೊರವಂಕದ ಕಣ್ಣಿಗೆ ಗೂಡು ಬೀಳದಿರಲಿ ಅಂತ. ಒಮ್ಮೆ ಪ್ರವಾಸಿಗರ ಗುಂಪೊಂದು ಗೂಡಿನ ಕೆಳಗೇ ನಿಂತು ಹತ್ತು ನಿಮಿಷ ಫೋಟೋ ತೆಗೆಯಿತು. ಹೆಣ್ಣು ಎದುರಿನ ಕೊಂಬೆಯಲ್ಲಿ ಕೊಕ್ಕಿನಲ್ಲಿ ಹುಳ ಹಿಡಿದುಕೊಂಡು ಕಾಯುತ್ತಲೇ ಇತ್ತು. ನನಗೆ ಅದನ್ನು ನೋಡಲಾಗಲಿಲ್ಲ, ಹೋಗಿ ಅವರಿಗೆ ಹೇಳಿದೆ. ಪಾಪ, ಅವರಿಗೆ ಗೊತ್ತೇ ಇರಲಿಲ್ಲ, ತಕ್ಷಣ ಸರಿದರು.

ಅಷ್ಟು ದೂರ ಹೋಗಲು ಆಗೋದಿಲ್ಲ. ಇಲ್ಲೇ ಏನಾದರೂ ನೋಡಬಹುದಾ?

ಖಂಡಿತ. ಚಳಿಗಾಲದಲ್ಲಿ ನಂದಿಬೆಟ್ಟಕ್ಕೆ ಹೋಗಿ, ಇಲ್ಲವೇ ಮಲೆನಾಡಿನ ಯಾವುದಾದರೂ ಹಳ್ಳದ ದಂಡೆಯ ಬಿದಿರುಮೆಳೆಯ ಹತ್ತಿರ ಬೆಳಗ್ಗೆ ಸುಮ್ನೆ ಕೂತು ನೋಡಿ. ನಮ್ಮ ರಾಜಹಕ್ಕಿಯಲ್ಲಿ ಹೆಣ್ಣು, ಎಳೆಯ ಗಂಡು, ಬೆಳೆದ ಗಂಡು ಬೇರೆ ಬೇರೆ ಗುರುತಿಸುವ ಅಭ್ಯಾಸ ಮಾಡಿಕೊಂಡರೆ ಮುಂದೆ ಯಾವ ದ್ವೀಪಕ್ಕೆ ಹೋದರೂ ಕಣ್ಣು ಪಳಗಿರುತ್ತದೆ. ಕರಾವಳಿಯವರಾದರೆ ಇನ್ನೂ ಒಂದು ಕೆಲಸ ಮಾಡಬಹುದು. ಮನೆ ಹತ್ತಿರದ ಸುರಹೊನ್ನೆ ಮರದ ಕೆಳಗೆ ನಿಂತು ಎಲೆಯೊಂದನ್ನು ತಿರುಗಿಸಿ ಹಿಂಬದಿ ನೋಡಿ. ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾದ ಗೆರೆಗಳು, ಅಲ್ಲೊಂದು ಇಲ್ಲೊಂದು ಸಣ್ಣ ಹುಳ. ಲಾ ಡೀಗ್‌ನಲ್ಲಿ ಆ ಹಕ್ಕಿ ದಿನವಿಡೀ ತಡಕಾಡೋದು ಇಂಥ ಎಲೆಗಳನ್ನೇ.